ಬಾಯಿಹುಣ್ಣಿನ ಗುಳಿಗೆ

ಮಾಸೂರಿನ ಫಕ್ಕೀರವ್ವನಿಗೆ ರಂಜನಾ ಮೊದಲು ಮೊಮ್ಮಗಳು, ಆಮೇಲೆ ಸೊಸೆ. ಚಿಕ್ಕೇರೂರಿಗೆ ಕೊಟ್ಟಿದ್ದ ಮಗಳು ಹೊಳೆವ್ವನ ಹಿರಿಯ ಮಗಳನ್ನು ತನ್ನ ಹಿರಿಮಗ ಚನ್ನೇಶನಿಗೆ ತಂದುಕೊಂಡವಳು ಆಕೆಯೇ. ಹೊಳೆವ್ವ ಮೊದಲು ಹಿಂದೆಮುಂದೆ ನೋಡಿದ್ದಳು. "ಹೊರಗಿನ ಮನಿಗೆ ಕೊಟ್ಟು, ಹೆಂಗದಾಳೋ ಏನೋ ಅಂತ ದಿನಾ ಚಿಂತಿ ಮಾಡ್ತಿ. ನನ್ನ ಕಡೆ ಇದ್ರ ನಿಂಗೂ ನಿದ್ದಿ, ನಂಗೂ ನಿದ್ದಿ" ಎಂದು ಫಕ್ಕೀರವ್ವ ಒಪ್ಪಿಸಿದ್ದಳು. ಕೊಟ್ಟ ಮಾತಿನಂತೆ ನಡೆದುಕೊಂಡಳು ಕೂಡ. ಮದುವೆಯಾದ ಮೇಲೂ ರಂಜನಾ ಆಕೆಯನ್ನು ಅತ್ತೆ ಎನ್ನಲಿಲ್ಲ; ಮಾತು ಕಲಿತಾಗಿನಿಂದ ಕರೆದಂತೆ ಆಯಿ ಎಂದೇ ಕರೆದಳು.

ರಂಜನಾಳ ಚೊಚ್ಚಲ ಮಗಳು ಪೂಜಾ ಹುಟ್ಟಿದಾಗ ಫಕ್ಕೀರವ್ವನ ಗಂಡ ಅಜ್ಜಪ್ಪ ಇನ್ನೂ ಇದ್ದರು. ಸಂಜೆ ಕೂಸನ್ನು ಹೆಗಲ ಮೇಲೆ ಕೂಡಿಸಿಕೊಂಡು ಮದಗದ ಕೆರೆಯ ಏರಿಯ ಮೇಲೆ ನಡೆದು, ಗದ್ದೆಗೆ ಇಳಿದ ಬೆಳ್ಳಕ್ಕಿಗಳನ್ನು ತೋರಿಸುತ್ತಿದ್ದರು. ಪೂಜಾ ಶಾಲೆಗೆ ಹೋಗಲು ಶುರುಮಾಡುವ ಹೊತ್ತಿಗೆ ಅವರು ತೀರಿಕೊಂಡರು. ಆ ವರ್ಷವೇ ಹುಡುಗಿ ಕರೆದರೆ ತಿರುಗಿ ನೋಡದಾದಳು.

ಹಟ ಎಂದುಕೊಂಡರು ಎಲ್ಲರೂ. "ಕರೆದ್ರ ಓ ಅನ್ನಾಕ ಏನ್ ಧಾಡಿ ನಿಂಗ?" ಎಂದು ಫಕ್ಕೀರವ್ವ ಒಮ್ಮೆ ಹಿಂದಿನಿಂದ ಹೋಗಿ ಬೆನ್ನಿಗೆ ಏಟು ಕೊಟ್ಟಳು. ಹುಡುಗಿ ಬೆಚ್ಚಿ ತಿರುಗಿದಳು. ಯಾಕೆ ಹೊಡೆದರೆಂಬುದೇ ಅವಳಿಗೆ ತಿಳಿದಿರಲಿಲ್ಲ. ಆ ಮುಖವನ್ನು ಫಕ್ಕೀರವ್ವ ಮರೆಯಲಿಲ್ಲ.

ಕಿವಿ ಕೇಳಿಸುತ್ತಿಲ್ಲವೆಂದು ಕಂಡುಹಿಡಿದದ್ದು ಶಾಲೆಯಲ್ಲಿ ಪಾಠ ಹೇಳುವ ಅಕ್ಕಾರು. ಹಿರೇಕೆರೂರಿನ ಡಾಕ್ಟರು ಕಿವಿಗೆ ಮಷಿನ್ ಹಾಕಿಸಿದರು. ಅಷ್ಟಕ್ಕೆ ಮುಗಿಯಿತು ಎಂದುಕೊಂಡರೆ ಮುಂದಿನ ಮಳೆಗಾಲಕ್ಕೆ ದನಿ ಒಡೆಯಿತು. ಆಮೇಲೆ ತೋಳು ಸೋತವು. ರೊಟ್ಟಿಯ ಚೂರು ಬಾಯಿಗೆ ಒಯ್ಯಬೇಕಾದರೆ ಒಂದು ಕೈಗೆ ಇನ್ನೊಂದು ಕೈಯ ಆಸರೆ ಬೇಕಾಯಿತು. ನೀರು ಕುಡಿದರೆ ಮೂಗಿನಿಂದ ಹೊರಗೆ ಬರುತ್ತಿತ್ತು.

ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಓಡಾಟ ಶುರುವಾಯಿತು. ಬಸ್ಸು ಶಿಗ್ಗಾಂವಿ ದಾಟಿ ಗೊಟಗೋಡಿಯ ಹತ್ತಿರ ಬಂದರೆ ಸಾಕು, ಪೂಜಾ ಕಿಟಕಿಗೆ ಮೂಗು ಒತ್ತಿ ಕೂಡುತ್ತಿದ್ದಳು. ಅಲ್ಲಿಯ ಶಿಲ್ಪಗಳ ತೋಟದಲ್ಲಿ ನಿಜದಂತೆ ಕಾಣುವ ಎತ್ತಿನ, ಮಂದಿಯ ಗೊಂಬೆಗಳು ಇವೆಯೆಂದು ಯಾರೋ ಹೇಳಿದ್ದರು. ವಾಪಸ್ ಬರುವಾಗ ಇಳಿಯೋಣ ಎಂದು ಚನ್ನೇಶ ಪ್ರತಿ ಸಲ ಕೈಸನ್ನೆ ಮಾಡುತ್ತಿದ್ದ. ವಾಪಸ್ ಬರುವಾಗ ಅವಳು ಸುಸ್ತಾಗಿ ತಾಯಿಯ ತೊಡೆಯ ಮೇಲೆ ಮಲಗಿರುತ್ತಿದ್ದಳು.

ಆಸ್ಪತ್ರೆಯಲ್ಲಿ ಮಕ್ಕಳ ನರರೋಗ ನೋಡುತ್ತಿದ್ದವರು ಡಾಕ್ಟರ್ ಮುಮ್ತಾಜಬೇಗಂ. ಸವಣೂರಿನವರು, ಮಾತು ಊರ ಮಾತೇ ಆದ್ದರಿಂದ ಫಕ್ಕೀರವ್ವನಿಗೆ ಅವರೆದುರು ಕೂತು ಮಾತಾಡಲು ಅಳುಕು ಇರಲಿಲ್ಲ. ಡಾಕ್ಟರು ಪೂಜಾಳ ರಕ್ತ ತೆಗೆಸಿ ಜೀನ್ ಪರೀಕ್ಷೆಗೆ ಕಳಿಸಿದರು. ತಿಂಗಳುಗಳು ಕಳೆದವು. ಯಾವ ತಪ್ಪೂ ಸಿಗಲಿಲ್ಲ ಎಂಬ ಉತ್ತರ ಬಂತು.

"ಹಂಗಾರ ರೋಗ ಇಲ್ಲೇನ್ರಿ?" ಎಂದು ಚನ್ನೇಶ ಕೇಳಿದ.

"ರೋಗ ಐತಿ. ನಮ್ಮ ಕಣ್ಣಿಗೆ ಸಿಗವಲ್ದು" ಎಂದರು ಡಾಕ್ಟರು. "ಹೊಸಾ ಮನಿಗೆ ವಾಯರ್ ಎಳದಾರ, ಸರಿ ಎಳದಾರೋ ಇಲ್ಲೋ ಅಂತ ನೋಡಿದ್ವಿ ಅಂತ ತಿಳ್ಕೋರಿ. ಆದ್ರ ಸ್ವಿಚ್ ಹಾಕಿ, ಯಾವ ದೀಪ ಹತ್ತತೈತಿ, ಯಾವುದು ಹತ್ತೂದಿಲ್ಲ ಅಂತ ಇನ್ನೂ ನೋಡಿಲ್ಲ. ಮೈಯಾಗ ಸಾವಿರಾರು ಜೀನ್ ಅದಾವು. ಯಾವ ಜೀನ್ ಎಷ್ಟು ಕೆಲಸಾ ಮಾಡಾಕತ್ತೈತಿ ಅಂತ ಅಳೆಯೂ ಪರೀಕ್ಷೆ ಒಂದೈತಿ. ಅದಕ್ಕ ಚೂರು ಚರ್ಮ ಬೇಕು. ಸಂಶೋಧನೆ ಮಾಡೋ ಮಂದಿ ಕಡೆ ಕಳಸ್ತೇನಿ. ಉತ್ತರ ಬರಾಕ ತಡಾ ಆಗ್ತೈತಿ."

ಪೂಜಾಳ ಮುಂಗೈಯಿಂದ ಕಡಲೆಕಾಳಿನಷ್ಟೂ ಇಲ್ಲದ ಚರ್ಮ ತೆಗೆದರು. ಅವಳು ಅಳಲಿಲ್ಲ. ಪಟ್ಟಿ ಕಟ್ಟಿದ ಕೈಯನ್ನು ತಮ್ಮ ಬಸವೇಶನಿಗೆ ತೋರಿಸಿ ದೊಡ್ಡಸ್ತಿಕೆ ಮಾಡಿದಳು. ಆಗ ಬಸವೇಶ ಇನ್ನೂ ಅಂಬೆಗಾಲಿಡುತ್ತಿದ್ದ.

ಉತ್ತರ ಬರುವ ಮೊದಲೇ ಚಳಿಗಾಲ ಬಂತು. ನೆಗಡಿ ಎದೆಗಿಳಿಯಿತು. ಕೆಮ್ಮಲು ಅವಳಲ್ಲಿ ಶಕ್ತಿ ಇರಲಿಲ್ಲ. ರಂಜನಾಳ ತಂಗಿ ಮಲ್ಲಿಕಾ ಕಾಲೇಜಿಗೆ ರಜೆ ಹಾಕಿ ಬಂದು ಆಸ್ಪತ್ರೆಯಲ್ಲಿ ಅಕ್ಕನ ಜೊತೆ ಸರದಿಯಲ್ಲಿ ಕೂತಳು. ಕೊನೆಗೆ ಉಸಿರಾಟದ ಮಷಿನ್ ಹಾಕಿದರು. ಒಂದು ಬೆಳಿಗ್ಗೆ ಅದೂ ಸಾಕಾಗಲಿಲ್ಲ. ಅಂಬ್ಯುಲೆನ್ಸಿನಲ್ಲಿ ಹುಬ್ಬಳ್ಳಿಯಿಂದ ಮಾಸೂರಿನ ತನಕ ರಂಜನಾ ಮಗಳನ್ನು ಮಡಿಲಿನಿಂದ ಇಳಿಸಲಿಲ್ಲ. ಹೊಲದ ಬದುವಿನಲ್ಲಿ, ಅಜ್ಜಪ್ಪನ ಪಕ್ಕದಲ್ಲಿ ಮಣ್ಣು ಮಾಡಿದರು.

ಕೆಲವು ವಾರಗಳ ಮೇಲೆ ಡಾಕ್ಟರು ಫೋನು ಮಾಡಿದರು. ಚನ್ನೇಶ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದ.

"ಪೂಜಾನ ಚರ್ಮದ ಕೋಶಗೋಳು ಅಲ್ಲಿ ಚೊಲೋ ಬೆಳದಾವು. ಪರೀಕ್ಷೆ ಮುಂದುವರ್ಸೂದೋ ಬ್ಯಾಡೋ ನೀವ ಹೇಳ್ಬೇಕು."

"ಇನ್ನ ಯಾಕ್ರಿ?" ಎಂದ ಚನ್ನೇಶ. "ಹೋದ ಮ್ಯಾಲ ರೋಗದ ಹೆಸರು ಗೊತ್ತಾಗಿ ಏನು ಮಾಡೂದೈತಿ?"

ರಂಜನಾ ಅವನ ಕೈಯಿಂದ ಫೋನು ಇಸಿದುಕೊಂಡಳು. "ಬೆಳದಾವು ಅಂದ್ರ ಹೆಂಗ್ರಿ? ಜೀವಂತ ಅದಾವೇನ್ರಿ ಮೇಡಮ್?"

"ಹೌದು ತಂಗಿ. ಗಾಜಿನ ಬಟ್ಟಲದಾಗ ಇಟ್ಟಾರ. ಮೈ ಎಷ್ಟು ಬೆಚ್ಚಗಿರ್ತೈತೋ ಅಷ್ಟ ಬೆಚ್ಚಗ ಇಟ್ಟಾರ."

"ಪರೀಕ್ಷೆ ನಡೀಲ್ರಿ" ಎಂದಳು ರಂಜನಾ. ಫೋನು ಇಟ್ಟ ಮೇಲೆ ಅಡುಗೆಮನೆಯ ಗೋಡೆಗೆ ಒರಗಿ ಕುಸಿದಳು. ಮಣ್ಣು ಮಾಡಿದ ದಿನವೂ ಅಷ್ಟು ಅತ್ತಿರಲಿಲ್ಲ. "ಬೆಚ್ಚಗ ಇಟ್ಟಾರಂತ ಆಯಿ. ಆ ಬದುವಿನ್ಯಾಗ ಎಷ್ಟು ಥಂಡಿ ಐತಿ…" ಎನ್ನುತ್ತಲೇ ಇದ್ದಳು. ಫಕ್ಕೀರವ್ವ ಪಕ್ಕದಲ್ಲಿ ಕೂತು ಅವಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು.

ಬಸವೇಶ ಆಗ ನಡೆಯಲು, ಮಾತಾಡಲು ಕಲಿತಿದ್ದ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ಅವನ ಕಿವಿಯನ್ನೇ ಕಾಯುತ್ತಿದ್ದರು. ಫಕ್ಕೀರವ್ವ ಅವನು ಆಡುತ್ತ ಕೂತಾಗ ಹಿಂದೆ ಹೋಗಿ ತಾಟು ಬಡಿಯುತ್ತಿದ್ದಳು. ಅವನು ತಿರುಗಿ ನಗುತ್ತಿದ್ದ. ಅದು ಆಟವೆಂದೇ ಅವನ ಲೆಕ್ಕ. ಅವನು ನಕ್ಕರೆ ಆ ದಿನದ ಅನ್ನ ಆಕೆಯ ಗಂಟಲಲ್ಲಿ ಇಳಿಯುತ್ತಿತ್ತು. ಮೂರು ತುಂಬಿದ ಮೇಲೆ ಒಂದು ಮಧ್ಯಾಹ್ನ ಅವನು ತಿರುಗಲಿಲ್ಲ. ಇನ್ನೊಮ್ಮೆ ಜೋರಾಗಿ ಬಡಿದಳು. ಅವನು ಮಣ್ಣಿನ ಎತ್ತಿಗೆ ಹುಲ್ಲು ತಿನ್ನಿಸುತ್ತಲೇ ಇದ್ದ. ಫಕ್ಕೀರವ್ವ ತಲೆ ಎತ್ತಿದರೆ ಬಾಗಿಲಲ್ಲಿ ರಂಜನಾ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ರಂಜನಾ ಒಳಗೆ ಹೋಗಿ ಬಸ್ಸಿಗೆ ಹೊರಡುವ ಚೀಲ ತುಂಬತೊಡಗಿದಳು.

ಹುಬ್ಬಳ್ಳಿಯಲ್ಲಿ ಅವರನ್ನು ನೋಡಿದ್ದೇ ಡಾಕ್ಟರು ಎದ್ದು ನಿಂತರು. "ನಾನ ನಿಮಗ ಫೋನ್ ಮಾಡಾಕ ಹತ್ತಿದ್ದೆ. ಉತ್ತರ ಬಂದೈತಿ" ಎಂದು ಬಸವೇಶನನ್ನು ಎತ್ತಿ ಮೇಜಿನ ಮೇಲೆ ಕೂಡಿಸಿ, ಮೊದಲು ಅವನ ಕಿವಿ, ತೋಳು, ಗಂಟಲು ನೋಡಿದರು. ಆಮೇಲೆ ಬಾಗಿಲು ಮುಂದೆ ಮಾಡಿ ಹೇಳಿದರು.

"ನಾವು ಉಣ್ಣೋ ಅನ್ನದಾಗ ಒಂದು ಜೀವಸತ್ವ ಇರ್ತೈತಿ. ಅದನ್ನ ರಕ್ತದಿಂದ ಕೋಶದ ಒಳಗ ಕರಕೊಂಡು ಹೋಗಾಕ ಬಾಗಲಾ ಇರ್ತಾವು. ಆ ಬಾಗಲಾ ಕಟ್ಟೋ ಜೀನ್ ಒಂದೈತಿ. ಬ್ಯಾರೆ ಮಕ್ಕಳ ಚರ್ಮದಾಗ ಆ ಜೀನ್ ದಿನಾ ದುಡೀತೈತಿ. ಪೂಜಾನ ಕೋಶದಾಗ ಅದು ಹೆಚ್ಚೂಕಡಿಮಿ ಸುಮ್ಮನ ಕುಂತೈತಿ. ಮೊದಲಿನ ಪರೀಕ್ಷೆ ಓದದ ಜಾಗದಾಗ ಸಣ್ಣ ತಪ್ಪು ಅಡಗಿತ್ತು. ನರಕ್ಕ ಆ ಜೀವಸತ್ವ ಸಿಗದಿದ್ರ ಮೊದಲು ಕಿವಿ ಹೋಗ್ತೈತಿ, ಆಮ್ಯಾಲೆ ಉಳಿದದ್ದು."

"ಇವಂಗೂ ಅದ ಏನ್ರಿ?" ಎಂದಳು ರಂಜನಾ.

"ರಕ್ತ ನೋಡಿ ಖಾತ್ರಿ ಮಾಡ್ಕೊಳ್ಳೋಣ. ಆದ್ರ ಕಾಯೂದು ಬ್ಯಾಡ. ಇವತ್ತ ಔಷಧ ಶುರು ಮಾಡ್ತೇನಿ. ಆ ಜೀವಸತ್ವನ್ನ ಬಹಳ ಹೆಚ್ಚು ಕೊಟ್ರ, ಉಳಿದ ಸಂದಿನ್ಯಾಗ ಹೆಂಗರ ಒಳಗ ಹೋಗ್ತೈತಿ. ಹಳದಿ ಗುಳಿಗಿ. ಉಚ್ಚಿ ಹಳದಿ ಆಗ್ತೈತಿ, ಅಂಜಬ್ಯಾಡ್ರಿ."

ಡಾಕ್ಟರು ಗುಳಿಗೆಯ ಹೆಸರು ಹೇಳಿ, ತೋರಿಸಲೆಂದು ಗುಳಿಗೆಗಳಿದ್ದ ಒಂದು ಪಟ್ಟಿ ಮುಂದಿಟ್ಟರು. ಫಕ್ಕೀರವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು. "ಇಂಥದ್ದನ್ನ ನನಗ ಬಾಯಿಹುಣ್ಣಿಗೆ ಕೊಡ್ತಾರಲ್ರಿ. ಅದಾ?"

"ಅದರೊಳಗ ಇರೋ ಜೀವಸತ್ವದಾಗ ಇದೂ ಒಂದು ರೀ. ಇದರಾಗ ಅದೊಂದ ಐತಿ, ಭಾಳ ಹೆಚ್ಚು."

"ಪೂಜಾಗ ಕೊಟ್ಟಿದ್ರ?"

ಮುಮ್ತಾಜಬೇಗಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೊದಲ ಸಲ ಅಕಿನ್ನ ನೋಡ್ದಾಗ ಈ ರೋಗ ನನ್ನ ತಲ್ಯಾಗ ಬಂದಿತ್ತು. ರಕ್ತದ ಪರೀಕ್ಷೆ ಇಲ್ಲ ಅಂದ ಮ್ಯಾಲ ಬಿಟ್ಟೆ. ಪರೀಕ್ಷೆ ಏನರ ಹೇಳ್ಲಿ, ಕೊಟ್ಟು ನೋಡ್ಬೇಕಿತ್ತು. ಉಳೀತಿದ್ಲೋ ಏನೋ, ಹೇಳಾಕ ಆಗೂದಿಲ್ಲ. ಆದ್ರ ಕೊಟ್ಟು ನೋಡ್ಬೇಕಿತ್ತು."

ಚನ್ನೇಶ ಕುರ್ಚಿ ಹಿಂದೆ ತಳ್ಳಿ ಎದ್ದ. ಸೀದಾ ಹೊರಗೆ ಹೋಗಿಬಿಟ್ಟ. ಆಸ್ಪತ್ರೆಯ ಅಂಗಳದ ಬೇವಿನ ಮರದ ಕೆಳಗೆ ಅವನು ಮುಖ ಮುಚ್ಚಿಕೊಂಡು ಕೂತಿದ್ದು ಕಿಟಕಿಯಿಂದ ಕಾಣುತ್ತಿತ್ತು. ರಂಜನಾ ಮಾತ್ರ ಅಲ್ಲಿಯೇ, ಆ ಕ್ಷಣವೇ, ನೀರು ಕೇಳಿ ಮಗನಿಗೆ ಮೊದಲ ಗುಳಿಗೆ ನುಂಗಿಸಿದಳು.

ಫಕ್ಕೀರವ್ವ ಇನ್ನೊಂದು ಮಾತು ಕೇಳಿದಳು. "ಇದು ಎಲ್ಲಿಂದ ಬಂತ್ರಿ?"

ಡಾಕ್ಟರು ಹಾಳೆಯ ಮೇಲೆ ಎರಡು ಗೆರೆ ಎಳೆದು ತೋರಿಸಿದರು. ಆ ಜೀನಿನ ಪ್ರತಿ ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತದೆ; ಎರಡೂ ಕೆಟ್ಟ ಪ್ರತಿ ಸೇರಿದರೆ ಮಾತ್ರ ರೋಗ. ಒಂದೇ ಇದ್ದವರು ಆರಾಮ ಇರುತ್ತಾರೆ, ಅವರಿಗೆ ತಿಳಿಯುವುದೂ ಇಲ್ಲ. ಸೋದರಮಾವನಿಗೂ ಸೊಸೆಗೂ ಒಂದೇ ಮನೆತನದಿಂದ ಅದು ಇಳಿದು ಬಂದಿರಬಹುದು ಎಂದು ಬಿಡಿಸಿ ಹೇಳಿದರು.

"ಒಂದೇ ಮನಿತನ ಅಂದ್ರ ನಾನು."

"ನೀವ ಅಂತಿಲ್ರಿ. ನಿಮ್ಮ ಯಜಮಾನ್ರೂ ಇರಬಹುದು. ನಿಮ್ಮ ರಕ್ತ ನೋಡಿದ್ರ ಗೊತ್ತಾಗ್ತೈತಿ."

"ಬ್ಯಾಡ್ರಿ. ಸತ್ತವರ ಹೆಸರು ಯಾಕ ಎಳೀತೀರಿ? ನಂದ ಅಂತ ಬರಕೋರಿ" ಎಂದಳು ಫಕ್ಕೀರವ್ವ. ರಂಜನಾ ಆಯಿಯ ಮುಖ ನೋಡಲಿಲ್ಲ. ಆದರೆ ಹೊರಡುವಾಗ ಮೆಟ್ಟಿಲ ಮೇಲೆ ಆಕೆಯ ತೋಳು ಹಿಡಿದುಕೊಂಡಳು.

ಬಸವೇಶನ ರಕ್ತದಲ್ಲೂ ಅದೇ ಸಿಕ್ಕಿತು. ಗುಳಿಗೆ ಕೆಲಸ ಮಾಡಿತು. ಎಡಗಿವಿ ಪೂರ್ತಿ ಮರಳಲಿಲ್ಲ, ಮಷಿನ್ ಬೇಕಾಯಿತು. ತೋಳಿನ ಬಲ ಮಾತ್ರ ಕುಂದಲಿಲ್ಲ, ಗಂಟಲೂ ಉಳಿಯಿತು. ಅವನು ಗಟಗಟ ನೀರು ಕುಡಿಯುವುದನ್ನು ನೋಡಲಾಗದೆ ಚನ್ನೇಶ ಎಷ್ಟೋ ಸಲ ಊಟದ ನಡುವೆ ಎದ್ದು ಹೋಗುತ್ತಿದ್ದ.

ಇದೆಲ್ಲದರ ನಡುವೆ ಚಿಕ್ಕೇರೂರಿನಿಂದ ಹೊಳೆವ್ವ ಫೋನು ಮಾಡಿದಳು. ಮಲ್ಲಿಕಾಳ ಡಿಗ್ರಿ ಮುಗಿದಿತ್ತು. ಅವಳನ್ನು ಫಕ್ಕೀರವ್ವನ ಕಿರಿಮಗ ಸುದೀಪನಿಗೆ ಕೊಡುವುದೆಂದು ಎರಡೂ ಮನೆಗಳಲ್ಲಿ ಮೊದಲಿನಿಂದ ಮಾತಿತ್ತು. ಅವರಿಬ್ಬರಿಗೂ ಅದು ಬರೀ ಮಾತಾಗಿರಲಿಲ್ಲ. ಆಸ್ಪತ್ರೆಯ ಆ ದಿನಗಳಲ್ಲಿ ಮಲ್ಲಿಕಾಳಿಗೆ ಡಬ್ಬಿ ಒಯ್ದು ಕೊಡುತ್ತಿದ್ದವನು ಸುದೀಪನೇ.

ಡಾಕ್ಟರು ಇಬ್ಬರ ರಕ್ತವನ್ನೂ ನೋಡಿಸಿದರು. ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇತ್ತು. ಆದರೂ ಮದುವೆಯಾಗಬಹುದು, ಬಸಿರಿನಲ್ಲೇ ಪರೀಕ್ಷೆ ಮಾಡಬಹುದು, ಹುಟ್ಟಿದ ದಿನವೇ ಔಷಧ ಕೊಡಬಹುದು ಎಂದು ಅವರು ಮುಚ್ಚುಮರೆ ಇಲ್ಲದೆ ಹೇಳಿದರು. "ಗುಳಿಗಿ ಐತಲ್ಲವ್ವಾ" ಎಂದು ಸುದೀಪ ತಾಯಿಯ ಹಿಂದೆ ಬಿದ್ದ. ಫಕ್ಕೀರವ್ವ ಮದುವೆ ಬೇಡವೆಂದು ಹೇಳಿಬರಲು ಚಿಕ್ಕೇರೂರಿನ ಬಸ್ಸು ಹತ್ತಿದಳು.

ಹೊಳೆವ್ವ ತಾಯಿಯ ಮಾತು ಮುಗಿಯಲೂ ಬಿಡಲಿಲ್ಲ. "ಒಬ್ಬಾಕಿನ್ನ ಒಯ್ದು ಹಿಂಗ ಮಾಡ್ದಿ. ಈಗ ಇನ್ನೊಬ್ಬಾಕಿ ಬ್ಯಾಡ ಅಂತಿ. ಊರ ತುಂಬ ಸುದೀಪನ ಹೆಸರು ಹೇಳ್ಕೊಂಡು ಕುಂತೇವಿ. ನಾಳೆ ಮಂದಿಗೆ ಏನಂತ ಹೇಳ್ಲಿ?"

"ನಮ್ಮವ್ವ ಮುರದ್ಲು ಅಂತ ಹೇಳು."

"ನಿನ್ನ ಮಾತು ಕೇಳಿದ್ದಕ್ಕ ನನ್ನ ಮೊಮ್ಮಗಳು ಮಣ್ಣಾಗ ಅದಾಳ ಬೇ!" ಎಂದವಳೇ ಹೊಳೆವ್ವ ಬಾಯಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಫಕ್ಕೀರವ್ವ ಇಟ್ಟ ಚಹಾ ಮುಟ್ಟದೆ ಎದ್ದಳು.

ಬಸ್ ನಿಲ್ದಾಣದ ತನಕ ಮಲ್ಲಿಕಾ ಜೊತೆಗೆ ಬಂದಳು. ಅಲ್ಲಿಯ ಕಟ್ಟೆಯ ಮೇಲೆ ಕೂತ ಮೇಲೆ ಹೇಳಿದಳು.

"ಆಂವ ಅಂದ್ರ ನಂಗೂ ಜೀವ, ಆಯಿ. ನೀ ಬ್ಯಾಡ ಅಂದ್ರೂ ನಾ ಆಗಬಹುದಿತ್ತು. ಆದ್ರ ಪೂಜಾ ಕುಡದ ನೀರು ಮೂಗಿನ್ಯಾಗ ಬರೂದನ್ನ ಒರಸಿದಾಕಿ ನಾನು. ಪ್ರತಿ ಬಸರಿನ್ಯಾಗೂ ಅದನ್ನ ನೆನಸ್ಕೋತ ಕುಂದ್ರಾಕ ನನ್ನ ಕಡೆ ಆಗೂದಿಲ್ಲ."

ಫಕ್ಕೀರವ್ವ ಅವಳ ಗದ್ದ ಹಿಡಿದಳು. "ನನ್ನ ಬೈ ಒಂದೀಟು."

"ಬೈದು ಏನು ಮಾಡ್ಲಿ? ನಿಂಗೇನ್ ಗೊತ್ತಿತ್ತು" ಎಂದಳು ಮಲ್ಲಿಕಾ. ಬಸ್ಸು ಬಂತು. ಹತ್ತಿಸುವಾಗ ಕಿವಿಯ ಹತ್ತಿರ ಬಾಗಿ, "ಆಂವಗ ನೀ ಹೇಳಬ್ಯಾಡ. ನಾನ ಫೋನ್ ಮಾಡ್ತೇನಿ" ಎಂದಳು.

ಮಾಸೂರಿನಲ್ಲಿ ಸುದೀಪ ಬೈಕ್ ತಂದು ಕಾಯುತ್ತಿದ್ದ. ಬಿಸಿಲು ಇನ್ನೂ ಇಳಿದಿರಲಿಲ್ಲ. "ಏನಂದ್ಲವ್ವಾ?" ಎಂದು ಕೇಳಿದ.

"ಅಕಿನ ಫೋನ್ ಮಾಡ್ತಾಳಂತ."

ಅವನು ತಾಯಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಉತ್ತರ ಅಲ್ಲಿಯೇ ಇತ್ತು. ಗಾಡಿ ಚಾಲೂ ಮಾಡದೆ, ತಳ್ಳಿಕೊಂಡೇ ಆಕೆಯ ಪಕ್ಕದಲ್ಲಿ ಮನೆಯ ಕಡೆ ನಡೆದ.