ನಾದಿನಿ ತಂದ ಏಳು ಬಟ್ಟೆ

ಆರೋಗ್ಯ ಕೇಂದ್ರದವರು ನಮ್ಮ ಬೀದಿಯ ದರ್ಜಿ, ಕ್ಷೌರಿಕ, ಅಂಗಡಿಯವರನ್ನೆಲ್ಲ ಕೂಡಿಸಿ ಎಂಟು ಮಧ್ಯಾಹ್ನ ಪಾಠ ಮಾಡಿದ್ದರು. ಮನಸ್ಸು ಕುಸಿದವರು ಡಾಕ್ಟರಿಗಿಂತ ಮೊದಲು ನಿಮ್ಮ ಹತ್ತಿರವೇ ಬರುತ್ತಾರೆ, ಕಿವಿಗೊಟ್ಟು ಕೇಳಿ, ಬುದ್ಧಿ ಹೇಳಬೇಡಿ, ಅನುಮಾನ ಬಂದರೆ ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿ, ಊರಿಗೆಲ್ಲ ಡಂಗುರ ಹೊಡೆಯಬೇಡಿ ಅಂದಿದ್ದರು. ನಾನು ಹೆಂಗಸರ ದರ್ಜಿ. ದಿನವಿಡೀ ಕೇಳುವುದೇ ನನ್ನ ಕೆಲಸ, ಇದರಲ್ಲೇನು ಮಹಾ ಅಂದುಕೊಂಡಿದ್ದೆ. ಮೊದಲು ಬಂದವಳೇ ನನ್ನ ನಾದಿನಿ.

ತನ್ನ ಒಳ್ಳೊಳ್ಳೆ ಏಳು ಬಟ್ಟೆ ತಂದು ಕತ್ತರಿಸುವ ಮೇಜಿನ ಮೇಲೆ ಹಾಕಿದಳು. ನೀಲಿ ಉಣ್ಣೆಯ ಕೋಟೂ ಇತ್ತು. ಅದನ್ನು ಯಾರಾದರೂ ಮುಟ್ಟಿದರೂ ಸಿಡಿಮಿಡಿ ಅನ್ನುತ್ತಿದ್ದವಳು ಅವಳು.

"ಎಲ್ಲಾನೂ ಮಗಳ ಅಳತೆಗೆ ಇಳಿಸ್ಕೊಡು ಅತ್ತಿಗೆ."

ದರ್ಜಿಯ ಬುದ್ಧಿ ನೋಡಿ, ಯಾಕೆ ಅಂತ ಕೇಳಲಿಲ್ಲ. "ಯಾವಾಗ ಬೇಕು?" ಅಂದೆ.

"ಬೇಗ ಕೊಡು. ಆಮೇಲೆ ನನಗೆ ಓಡಾಡೋಕಾಗಲ್ಲ."

ಅವಳು ಹೋದ ಮೇಲೆ ನೆನಪಾಯಿತು. ಪ್ರೀತಿಯ ವಸ್ತು ಹಂಚುವವರ ಮೇಲೆ ಕಣ್ಣಿಡಿ ಅಂತ ಪಾಠ ಮಾಡಿದ ಕೇಂದ್ರದ ನರ್ಸಮ್ಮ ಹೇಳಿದ್ದರಲ್ಲ! ಆದರೆ ಮಗಳು ಬೆಳೆದಿದ್ದಾಳೆ, ತಾಯಿ ಬಟ್ಟೆ ಕೊಟ್ಟರೆ ತಪ್ಪೇನು? ನಾನು ಕೇಳಿ, ಅತ್ತಿಗೆ ನನ್ನನ್ನು ಹುಚ್ಚಿ ಅಂದಳು ಅಂತ ಅವಳು ಅಣ್ಣನ ಹತ್ತಿರ ಅತ್ತುಬಿಟ್ಟರೆ? ಗಂಡನಿಗೆ ಹೇಳೋಣವೆಂದರೆ ಹೇಳಬಾರದೆಂಬ ಪಾಠ. ನನ್ನ ತಲೆ ಮೊಸರುಗಡಿಗೆಯಾಯಿತು. ನರ್ಸಮ್ಮನಿಗೆ ಫೋನು ಮಾಡಿದೆ.

"ನೇರವಾಗಿ ಕೇಳಿದ್ರಾ?"

"ಇಲ್ಲ. ನಾದಿನಿ ಅಲ್ವಾ..."

"ನಾದಿನಿಯಾದ್ರೇನು? ಕೇಳಿದ್ರೆ ಇಲ್ಲದ ಯೋಚನೆ ಬರಲ್ಲ. ಕೇಳಿ, ಒಬ್ಬಳನ್ನೇ ಬಿಡಬೇಡಿ, ಇಲ್ಲಿಗೆ ಕರ್ಕೊಂಡು ಬನ್ನಿ."

ಮರುದಿನ ಅವಳು ಬಂದಾಗ ಬಾಯಿಗೆ ಬಂದದ್ದು ಮಾತ್ರ ನಮ್ಮ ಕುಲಕಸುಬಿನ ಹಳೇ ಸುಳ್ಳು. "ಇನ್ನೂ ಆಗಿಲ್ಲ, ನಾಳೆ ನೋಡೋಣ." ಹೇಳಿದ ಮೇಲೆ ನನಗೇ ಖುಷಿಯಾಯಿತು. ಬಟ್ಟೆ ಮುಗಿಯುವವರೆಗೆ ಅವಳು ಎಲ್ಲಿಗೂ ಹೋಗುವುದಿಲ್ಲ ತಾನೇ? ದರ್ಜಿ ತಡ ಮಾಡಿದರೆ ಯಾರೂ ಅನುಮಾನ ಪಡುವುದಿಲ್ಲ. ಒಂದು ದಿನ ಗುಂಡಿ ಸಿಗಲಿಲ್ಲವೆಂದೆ, ಇನ್ನೊಂದು ದಿನ ಮಿಷನ್ನಿನ ಬೆಲ್ಟು ಹರಿಯಿತೆಂದೆ. ಅವಳು ಬೈಯಲೂ ಇಲ್ಲ. ದಿನಾ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು, ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹವೆಯಿಂದ ಹಿಡಿದು ಹಲ್ಲುನೋವಿನವರೆಗೆ ಎಲ್ಲಾ ಕೇಳಿದೆ, ಅದೊಂದನ್ನು ಬಿಟ್ಟು. ಸಂಜೆ ಗಂಡ ಬೇರೆ, "ನನ್ನ ತಂಗಿ ಕೆಲ್ಸ ಅಂದ್ರೆ ನಿಂಗಷ್ಟು ತಾತ್ಸಾರಾನಾ?" ಅಂತ ರೇಗಿದ. ಬಾಯಿಗೆ ಬೀಗ ಹಾಕಿಕೊಂಡೆ.

ಆರನೇ ದಿನ ಅವಳು ಬರಲಿಲ್ಲ. ಮಗಳು ಬಂದಳು.

"ಅತ್ತೆ, ಹೊಲಿದಿಲ್ಲ ಅಂದ್ರೂ ಪರವಾಗಿಲ್ಲ, ಹಾಗೇ ಇಸ್ಕೊಂಡು ಬಾ ಅಂದ್ಲು ಅಮ್ಮ."

ಹುಡುಗಿಯನ್ನು ಅಂಗಡಿಯಲ್ಲೇ ಕೂರಿಸಿ, ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಎರಡು ಬೀದಿ ಓಡಿದೆ. ಬಾಗಿಲು ಬಡಿದ ಎಷ್ಟೋ ಹೊತ್ತಿಗೆ ಅವಳೇ ತೆಗೆದಳು. ನಾನು ಏದುಸಿರು ಬಿಡುತ್ತಲೇ ಕೇಳಿದೆ:

"ಸಾಯ್ಬೇಕು ಅಂತಿದೀಯಾ?"

ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು. "ಹೂಂ" ಅಂದಳು.

ಎಂಟು ಮಧ್ಯಾಹ್ನದ ಪಾಠದಲ್ಲಿ ಒಂದಕ್ಷರವೂ ನೆನಪಾಗಲಿಲ್ಲ. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ, ನನಗೇ ಅಳು ಬಂತು. ಅವಳೇ ಕೇಳಿದಳು.

"ಐದು ದಿನ ಬಂದು ಕೂತೆನಲ್ಲ ಅತ್ತಿಗೆ. ಯಾಕೆ ಕೇಳ್ಲಿಲ್ಲ?"

ತಡ ಮಾಡಿ ಅವಳನ್ನು ಉಳಿಸಿಕೊಂಡೆನೋ, ಐದು ದಿನ ಒಬ್ಬಳನ್ನೇ ಬಿಟ್ಟೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಚಪ್ಪಲಿ ಹಾಕ್ಕೋ. ಕೇಂದ್ರಕ್ಕೆ ಇಬ್ರೂ ಹೋಗೋಣ" ಅಂದೆ.

ಹಾಕಿಕೊಂಡಳು.