ಮಾರೆಮ್ಮ ತಂದ ಗಡಿಯಾರದ ಶೆಲ್ಲು

ನಮ್ಮವ್ವ ಮಾರೆಮ್ಮ ಬರಿಗೈಲೆ ದೇವರ ಮನಿಗೆ ಹೋಗೋಳಲ್ಲ. ಅವತ್ತು ಮಸೀದಿಗೆ ಹೊರಟಾಗ ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಿದ್ದು ಕಾಯಿ ಅಲ್ಲ, ಊದಿನಕಡ್ಡಿ ಅಲ್ಲ, ಸಕ್ಕರಿನೂ ಅಲ್ಲ. ಗಡಿಯಾರಕ್ಕೆ ಹಾಕುವ ಐದಾರು ಬ್ಯಾಟರಿ ಶೆಲ್ಲು.

“ಪಾಪ, ಅವರ ಗಡಿಯಾರ ಎಲ್ಲಾ ನಿಂತು ಹೋಗ್ಯಾವಲೇ,” ಅಂದಳು. “ಆ ಓಣ್ಯಾಗ ಕಸ ಹೊಡಿಯಾಕ ಹತ್ತಿದಾಗಿಂದ ನೋಡೀನಿ. ಒಂದು ಐದೂವರಿ ಅಂತೈತಿ, ಒಂದು ಒಂದೂವರಿ ಅಂತೈತಿ. ಒಂದಕ್ಕೊಂದು ಕೂಡಂಗಿಲ್ಲ. ಅಷ್ಟು ಮಂದಿ ಬಂದು ಹೋಗ್ತಾರ, ಒಬ್ಬರಿಗಾದ್ರೂ ಶೆಲ್ ಹಾಕಬೇಕು ಅನ್ನೋ ಖಬರು ಇಲ್ಲ ನೋಡು.”

ಅವ್ವ ಕೊಟ್ಟೂರು ಪಟ್ಟಣ ಪಂಚಾಯ್ತಿಯಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದಾಳೆ. ಈಗ ಕಾಯಂ ಆಗಿದೆ. ಮಸೀದಿ ಓಣಿ ಅವಳದೇ ಪಾಳಿ. ರಸ್ತೆಯಲ್ಲಿ ನಿಂತು ನೋಡಿದರೆ ತೆರೆದ ಬಾಗಿಲಿನಿಂದ ಕಾಣುವುದು ಒಂದು ತುಂಡು ಗೋಡೆ, ಅದರ ಮೇಲೆ ಸಾಲಾಗಿ ಹಾಕಿದ ಗಡಿಯಾರಗಳು, ಅಷ್ಟೆ. ನಾನು ಕೂಸಾಗಿದ್ದಾಗ ಬೆಚ್ಚಿ ಬಿದ್ದು ಅತ್ತರೆ ಸಂಜೆ ನಮಾಜಿನ ಹೊತ್ತಿಗೆ ಎತ್ತಿಕೊಂಡು ಅದೇ ಬಾಗಿಲ ಮುಂದೆ ನಿಲ್ಲುತ್ತಿದ್ದಳಂತೆ. ನಮಾಜು ಮುಗಿಸಿ ಹೊರಬರುವವರೆಲ್ಲ ಒಬ್ಬೊಬ್ಬರೇ ನನ್ನ ಮಾರಿಗೆ ಫೂ ಅಂತ ಊದಿ ಹೋಗುತ್ತಿದ್ದರು. ನಮ್ಮ ಕೇರಿಯ ತಾಯಂದಿರು ಈಗಲೂ ಹಾಗೇ ನಿಲ್ಲುತ್ತಾರೆ.

“ಅಷ್ಟು ಮಂದಿ ಊದಿದ್ರು,” ಅಂತಾಳೆ ಅವ್ವ, “ಜ್ವರ ಆರ್ತು, ಅಳು ಆರ್ತು. ನಿನ್ನ ಸಿಟ್ಟೊಂದು ಆರಲಿಲ್ಲ.”

ಆರುವುದಾದರೂ ಹೆಂಗೆ? ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೆ, ಬಿಟ್ಟದ್ದೂ ಸಿಟ್ಟಿಗೇ. ಈಗ ಗೂಡ್ಸ್ ಆಟೊ ಹೊಡೆಯುತ್ತೇನೆ. ಹೋದ ವರ್ಷ ಗೊಬ್ಬರದಂಗಡಿ ಪಾಲಾಕ್ಷಪ್ಪನವರು ತಮ್ಮ ಮನೆತನದ ಗುಡಿಗೆ ಹೊಸದಾಗಿ ಕಲ್ಲು ಹಾಸಿಸಿ ಊರಿಗೆಲ್ಲ ಊಟ ಹಾಕಿದರು. ಅವ್ವ ಕಾಯಿ ತಗೊಂಡು ಹೋದಳು. ಕಂಪೌಂಡಿನ ಹೊರಗೇ ನಿಲ್ಲಿಸಿ ಕಾಯಿ ಇಸಕೊಂಡರು, ಮೇಲಿಂದ ಅವಳ ಅಂಗೈಗೆ ಭಂಡಾರ ಉದುರಿಸಿದರು, ಹೊರಗೇ ಉಣ್ಣಿಸಿ ಕಳಿಸಿದರು. ಅವ್ವ ಊಟ ಚಲೋ ಇತ್ತು ಅಂದಳು. ನಾನು ಇವತ್ತಿಗೂ ಆ ಅಂಗಡಿಯ ಲೋಡು ಹೊಡೆಯುವುದಿಲ್ಲ.

ಹಂಗಾಗಿ “ನಮ್ಮ ಮಸೀದಿ ನೋಡ ಬರ್ರಿ, ಎಲ್ಲರೂ ಬರ್ರಿ” ಅಂತ ಓಣಿಗೆಲ್ಲ ಕರೆ ಬಂದಾಗ ನಾನು ಹೇಳಿದೆ, “ಯವ್ವಾ, ಎಲ್ಲರೂ ಅಂದ್ರ ನಾವಲ್ಲ. ಆ ಎಲ್ಲರೂ ಬ್ಯಾರೆ ಇರ್ತಾರ.”

“ಇದ್ರ ಇರ್ಲಿ. ಒಮ್ಮೆ ಒಳಗೇನೈತಿ ನೋಡಿ ಬರ್ತೀನಿ. ನೀ ಬರ್ತೀಯಿಲ್ಲೋ?”

ಹೋದೆ. ನೋಡಲಿಕ್ಕಲ್ಲ. ಬಾಗಿಲಲ್ಲಿ ಯಾರಾದರೂ ನಮ್ಮವ್ವನನ್ನು ತಡೆದರೆ ಕೊಟ್ಟೂರಿಗೆಲ್ಲ ಕೇಳುವಂತೆ ಜಗಳ ತೆಗೆಯಲಿಕ್ಕೆ.

ಬಾಗಿಲಲ್ಲಿ ಕಮಿಟಿ ಹುಡುಗ ಕಾಸೀಮ ನಿಂತಿದ್ದ. ಕೈಯಲ್ಲಿ ಕಾರ್ಡ್‌ಲೆಸ್ ಮೈಕು, ಮಸೀದಿ ಮೇಲಿನ ಲೌಡ್‌ಸ್ಪೀಕರ್ ಹಾರ್ನಿಗೆ ಜೋಡಿಸಿದ್ದು. ಅದರಲ್ಲೇ ಓಣಿಗೆಲ್ಲ ಕೂಗಿ ಕರೆಯುತ್ತಿದ್ದ. ನಮ್ಮನ್ನು ನೋಡಿ ಮೈಕು ಕೆಳಗಿಳಿಸಿ ನಕ್ಕ. “ಬರ್ರಿ ಅಕ್ಕಾರೆ, ಬಾರಣ್ಣಾ. ಚಪ್ಪಲಿ ಇಲ್ಲಿ ಬಿಡ್ರಿ. ಅಲ್ಲಿ ನಳ ಐತಿ, ಕೈಕಾಲು ತೊಳಕೊಂಡು ಒಳಗ ಬರ್ರಿ.”

ಅಷ್ಟೇ ಸಾಕಾಯಿತು.

“ಯಾಕ?” ಅಂದೆ. “ನಮ್ಮ ಕಾಲಿಗೆ ಏನಾಗೈತಿ?”

“ಏನೂ ಆಗಿಲ್ಲಣ್ಣ...”

“ಕಸ ಹೊಡಿಯೋರ ಕಾಲು ಅಂತನಾ? ಮನ್ಯಾಗ ಜಳಕ ಮಾಡಿ, ಇಸ್ತ್ರಿ ಅಂಗಿ ಹಾಕ್ಕೊಂಡು ಬಂದೀನಿ. ಮೂಸಿ ನೋಡ್ತೀಯೇನು?”

ನನ್ನ ಜಗಳ ಇನ್ನೂ ಶುರುವಾಗಿರಲಿಲ್ಲ, ಅಷ್ಟರಲ್ಲಿ ಅವ್ವ ಸೀರೆ ಎತ್ತಿ ಕಟ್ಟಿ ನಳದ ಮುಂದಿನ ಕಲ್ಲಿನ ಮೇಲೆ ಕುಂತುಬಿಟ್ಟಿದ್ದಳು! ಪಕ್ಕದ ನಳದಲ್ಲಿ ನಮಾಜಿಗೆ ಕರೆಯುವ ಬಾಂಗ್ ಕೊಡುವ ಚಮನಸಾಬ ಮುದುಕರು ಕುಕ್ಕರಗಾಲಲ್ಲಿ ಕುಂತು ತೋರಿಸಿಕೊಡುತ್ತಿದ್ದರು.

“ಮೊದಲು ಕೈ ತೊಳಿ ತಂಗಿ. ಹಾಂ. ಈಗ ಬಾಯಿ ಮುಕ್ಕಳಿಸು. ಮೂಗಿಗೂ ನೀರು.”

“ಮೂಗಿಗೂನಾ ಅಣ್ಣಾ?” ಅವ್ವ ಕೆಮ್ಮಿ, ಸೀನಿ, ನೀರೆಲ್ಲ ಚಮನಸಾಬರ ಅಂಗಿಗೆ ಸಿಡಿಸಿದಳು. “ಅಯ್ಯ, ನೆತ್ತಿಗೆ ಹತ್ತಿತು!”

“ನನಗೂ ಮೊದಮೊದಲು ಹತ್ತತಿತ್ತು,” ಅಂತ ಚಮನಸಾಬರು ನಕ್ಕರು. ಮಾರಿ, ಮೊಣಕೈತನಕ ಕೈ, ಒದ್ದೆ ಕೈಯಿಂದ ತಲೆ, ಕೊನೆಗೆ ಕಾಲು. ಅವರು ಮಾಡಿದ್ದನ್ನೆಲ್ಲ ಅವ್ವ ಹಂಗೇ ಮಾಡಿ ಸೆರಗು ತಲೆ ಮೇಲೆ ಎಳಕೊಂಡು ಎದ್ದಳು.

“ನಾ ತೊಳಿಯಂಗಿಲ್ಲ. ಒಳಗೂ ಬರಂಗಿಲ್ಲ,” ಅಂದು ನಾನು ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೈಕಟ್ಟಿ ಕುಂತೆ. ಅಲ್ಲಿಂದ ಒಳಗಿನದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಜಗಳಕ್ಕೆ ಅದಕ್ಕಿಂತ ಒಳ್ಳೇ ಜಾಗ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಗರಿಗರಿ ಬಿಳಿ ಧೋತರದ ಪಾಲಾಕ್ಷಪ್ಪನವರು ಬಂದರು. ಕಾಸೀಮ ನನ್ನ ಕಡೆ ಒಂದು ಕಣ್ಣಿಟ್ಟುಕೊಂಡೇ ಅವರಿಗೂ ಅಂದ, “ಬರ್ರಿ ಗೌಡ್ರ. ಅಲ್ಲಿ ನಳ ಐತಿ, ಕೈಕಾಲು ತೊಳಕೊಂಡು ಒಳಗ ಬರ್ರಿ.” ಪಾಲಾಕ್ಷಪ್ಪನವರು ಧೋತರ ಮೊಣಕಾಲಿಗೆ ಏರಿಸಿ ನಮ್ಮವ್ವ ಎದ್ದ ಕಲ್ಲಿನ ಮೇಲೇ ಕುಂತರು. ಮೂಗಿಗೆ ನೀರು ಏರಿಸಿಕೊಂಡು ಅವರೂ ಸೀನಿದರು. ಆಸ್ಪತ್ರೆ ಡಾಕ್ಟರೂ ಪ್ಯಾಂಟು ಮಡಚಿದರು.

ನನ್ನ ಸಿಟ್ಟಿಗೆ ಕಾಲಿಡಲು ನೆಲ ಇಲ್ಲದಂತಾಯಿತು. ಆದರೂ ಏಳಲಿಲ್ಲ. ಎದ್ದರೆ ಸೋತಂಗಲ್ಲವೇ?

ಒಳಗೆ ಅವ್ವ ಸುತ್ತ ನೋಡುತ್ತ ನಿಂತಿದ್ದಳು. ತಣ್ಣನೆ ನೆಲ, ಉದ್ದುದ್ದ ಪಟ್ಟಿಯ ಜಮಖಾನ, ಫ್ಯಾನು, ಸುಣ್ಣದ ಗೋಡೆ.

“ದೇವರೆಲ್ಲಿ ಅಣ್ಣಾ?”

“ಇಲ್ಲಿ ಮೂರ್ತಿ ಇರಂಗಿಲ್ಲ ತಂಗಿ,” ಅಂದರು ಚಮನಸಾಬರು. “ಗೋಡಿಯಾಗ ಆ ಕಮಾನಿನ ಗೂಡು ಐತಲ್ಲ, ಅದು ಮೆಕ್ಕಾ ಯಾವ ಕಡಿ ಅಂತ ತೋರಸಾಕ. ಅಲ್ಲಿ ಇಮಾಮರು ನಿಂದರತಾರ. ಹಿಂದ ನಾವೆಲ್ಲ ಸಾಲಿಗೆ.”

“ಮುಂದಿನ ಸಾಲಿನಾಗ ಯಾರು ನಿಂದರಬೇಕು?”

“ಮೊದಲು ಬಂದೋರು.”

ಅವ್ವ ಬಾಗಿಲ ಕಡೆ ತಿರುಗಿದಳು. “ಹಂಗಾರ ನಮ್ಮ ಹುಲುಗ್ಯಾಗ ಚಪ್ಪಲಿ ಹತ್ತಿರಾನ ಜಾಗ,” ಅಂದಳು. ನಾನು ಕೇಳದವನಂತೆ ಬೀದಿ ನೋಡಿದೆ.

ಚಮನಸಾಬರು ಬಾಂಗ್ ಕೊಟ್ಟರು. ನಮಾಜಿಗೆ ಬಂದವರು ಭುಜಕ್ಕೆ ಭುಜ ಹಚ್ಚಿ ನಿಂತರು. ನನ್ನ ಆಟೊಕ್ಕೆ ಮೂಟೆ ಏರಿಸುವ ಹಮಾಲಿ ಬಾಷಾ ಮುಂದಿನ ಸಾಲಿನಲ್ಲಿದ್ದ. ಅವನಿಗೆ ಕೂಲಿ ಕೊಡುವ ಸಾಹುಕಾರ ಹಿಂದಿನ ಸಾಲಿನಲ್ಲಿ ಅವನ ಹಿಮ್ಮಡಿಯ ಹತ್ತಿರ ಹಣೆ ಊರಿದ. ನೋಡಲು ಬಂದವರು ಹಿಂದುಗಡೆ ಜಮಖಾನದ ಮೇಲೆ ಸುಮ್ಮನೆ ಕುಂತಿದ್ದರು. ಗಡಿಯಾರಗಳ ಕೆಳಗೆ ನಮ್ಮವ್ವ. ಕೊನೆಗೆ ಬಂದ ಪಾಲಾಕ್ಷಪ್ಪನವರಿಗೆ ಉಳಿದಿದ್ದು ಅವಳ ಪಕ್ಕದ ಜಾಗ.

ನಮಾಜು ಮುಗಿಯಿತು. ಖರ್ಜೂರದ ತಟ್ಟೆ ಸಾಲು ಸಾಲಾಗಿ ಸುತ್ತತೊಡಗಿತು. ಕಾಸೀಮ ಎಲ್ಲರಿಗೂ ಎರಡು ಮಾತು ಹೇಳಲು ಮೈಕು ಹಿಡಿದ. ಗರ್ ಗರ್ ಅಂತು, ನಿಂತಿತು. ತಟ್ಟಿದ, ಊದಿದ, ಅಲ್ಲಾಡಿಸಿದ. ಸತ್ತೇ ಹೋಗಿತ್ತು.

ಆ ಹೊತ್ತಿಗೆ ಅವ್ವ ಸೆರಗಿನ ಗಂಟು ಬಿಚ್ಚುತ್ತ ಎದ್ದಳು. ಅಷ್ಟೊತ್ತು ಬಾಗಿಲಲ್ಲಿ ಕುಂತಿದ್ದಕ್ಕೆ ಒಂದು ಸಂಗತಿ ನನಗೆ ಹೊಳೆದಿತ್ತು. ಕೊನೆಯ ಗಡಿಯಾರ ಟಿಕ್ ಟಿಕ್ ಅಂತ ಸರಿಯಾಗೇ ಓಡುತ್ತಿತ್ತು. ಉಳಿದವು ಬೇಕಂತಲೇ ನಿಂತಿದ್ದವು.

“ಅಣ್ಣಾ,” ಅಂದಳು ಅವ್ವ ಎಲ್ಲರ ಮುಂದೆ, “ಬರಿಗೈಲೆ ಬರಬಾರದು ಅಂತ ಇವನ್ನ ತಂದೀನಿ. ನಿಮ್ಮ ಗಡಿಯಾರಕ್ಕೆ ಹಾಕ್ರಿ. ಎಷ್ಟು ವರ್ಷ ಆತು ನಿಂತು!”

ಕಾಸೀಮ ಕಿಸಕ್ಕನೆ ನಕ್ಕುಬಿಟ್ಟ.

ನಾನು ಎದ್ದೆ. ಒಂದು ಕಾಲು ಹೊಸ್ತಿಲಿಗೆ ಬಂತು. ಚಮನಸಾಬರು ಕಾಸೀಮನನ್ನು ನೋಡಿದ ನೋಟಕ್ಕೆ ಅವನ ನಗು ಗಂಟಲಲ್ಲೇ ಇಂಗಿತು. ಅವರು ಎರಡೂ ಕೈ ಚಾಚಿ ಶೆಲ್ಲು ತಗೊಂಡರು.

“ತಂಗಿ, ಇವು ನಿಂತಿಲ್ಲ, ನಾನೇ ನಿಲ್ಲಿಸೀನಿ. ಯಾವ ನಮಾಜು ಯಾವ ಹೊತ್ತಿಗೆ ಅಂತ ಒಂದೊಂದು ಗಡಿಯಾರ ಹೇಳತೈತಿ. ಹೊತ್ತು ಮೂಡೋದು ಮುಳುಗೋದು ಸರಿದಂಗೆಲ್ಲ ಸ್ಟೂಲ್ ಹತ್ತಿ ಮುಳ್ಳು ತಿರುವತೀನಿ. ಓಡೋದು ಆ ಕಡೀದು ಒಂದೇ.”

ಅವ್ವ ಗಡಿಯಾರ ನೋಡಿದಳು, ಶೆಲ್ಲು ನೋಡಿದಳು. ಆಮೇಲೆ ಹೊಟ್ಟೆ ಹಿಡಕೊಂಡು ನಗಲು ಹತ್ತಿದಳು. “ಅಯ್ಯ ನನ್ನ ಹೆಣ ಎತ್ಲಿ! ಇಷ್ಟು ವರ್ಷ ನಿಮ್ಮ ಸಲುವಾಗಿ ಮರುಗಿದ್ದೆಲ್ಲ ದಂಡ ಆತಲ್ಲೋ ಅಣ್ಣಾ!”

ಮಸೀದಿಗೆ ಮಸೀದಿಯೇ ನಕ್ಕಿತು. ಪಾಲಾಕ್ಷಪ್ಪನವರೂ ಕಣ್ಣು ಒರಸಿಕೊಂಡರು. ಅವಳೇ ಎಲ್ಲರಿಗಿಂತ ಜೋರಾಗಿ ನಗುವಾಗ ನಾನು ಯಾರ ಕೊರಳಪಟ್ಟಿ ಹಿಡಿಯಲಿ?

“ನಗ್ರಿ, ನಗ್ರಿ,” ಅಂದರು ಚಮನಸಾಬರು. “ಈ ಬಾಗಿಲ ಮುಂದ ಇಡೀ ಊರು ಹಾಯ್ತೈತಿ. ನಮ್ಮ ಗಡಿಯಾರದ ಚಿಂತಿ ಮಾಡಿದಾಕಿ ಈಕಿ ಒಬ್ಬಾಕಿ.”

ಕಾಸೀಮ ತಲೆ ತಗ್ಗಿಸಿಕೊಂಡು ಬಂದ. “ಚಾಚಾ, ಮೈಕಿಗೂ ಇವೇ ಶೆಲ್ಲು.” ಎರಡು ಹಾಕಿದ. ಮೈಕು ಜೀವ ಹಿಡಿಯಿತು. “ಮಾರೆಮ್ಮಕ್ಕ, ತಪ್ಪಾತು. ನೀವೇ ಮೊದಲು ಮಾತಾಡ್ರಿ.”

ಅವ್ವ ಮೈಕನ್ನು ಹಾವು ಹಿಡಿದಂತೆ ದೂರ ಹಿಡಿದಳು, ಆಮೇಲೆ ಬಾಯಿಗೇ ಹಚ್ಚಿಕೊಂಡಳು.

“ಲೇ ಹುಲುಗ್ಯಾ!”

ಮೇಲಿನ ಹಾರ್ನು ನಡುಗಿತು. ಬೀದಿಯಲ್ಲಿ ಮಿರ್ಚಿ ಕರಿಯುವವನು ಝಾರಿ ಸೌಟು ಎತ್ತಿ ನಿಂತ. ಆಟೊ ಸ್ಟ್ಯಾಂಡಿನವರೆಲ್ಲ ತಿರುಗಿದರು.

“ಎಲ್ಲಾರೂ ಕಾಲು ತೊಳಕೊಂಡಾರ. ಡಾಕ್ಟ್ರು ತೊಳಕೊಂಡಾರ, ಗೌಡ್ರು ತೊಳಕೊಂಡಾರ. ನೀನೇನು ದೊಡ್ಡ ದೊರಿಯೇನು? ಬಾ, ಖರ್ಜೂರ ಖಾಲಿ ಆಗಾಕ ಹತ್ಯಾವು!”

ಕೊಟ್ಟೂರಿಗೆಲ್ಲ ಕೇಳಿತು. ಆಟೊ ಸ್ಟ್ಯಾಂಡಿನಿಂದ ಸಿಳ್ಳೆ ಬಂತು.

ನಳದ ಮುಂದೆ ಹೋಗಿ ಕುಂತೆ. ಚಮನಸಾಬರು ಬಂದು ಪಕ್ಕದಲ್ಲಿ ಕುಕ್ಕರಿಸಿದರು. “ಮೂಗಿಗೂ ಹಾಕು. ಹಾಂ. ನಿನ್ನ ಮಾರಿಗೆ ನಾ ಭಾಳ ಸಲ ಊದೀನಿ. ಆಗಲೂ ಹಿಂಗ ಗುರ್ ಅಂತಿದ್ದಿ.” ನನ್ನ ಒದ್ದೆ ಮಾರಿಗೆ ಫೂ ಅಂದರು. ತಣ್ಣಗಾಯಿತು. “ಇನ್ನೊಮ್ಮೆ ಊದಲಾ?”

“ಬ್ಯಾಡ್ರಿ ಚಾಚಾ,” ಅಂದೆ. “ಸಿಟ್ಟು ಸ್ವಲ್ಪ ಉಳೀಲಿ. ಬೇಕಾಕ್ಕೈತಿ.”

ಒಳಗೆ ಹೋದಾಗ ಅವ್ವ ಒಂದು ಕೈಯಲ್ಲಿ ಖರ್ಜೂರ, ಇನ್ನೊಂದು ಕೈಯಲ್ಲಿ ಮೈಕು ಹಿಡಿದೇ ಪಾಲಾಕ್ಷಪ್ಪನವರ ಜೊತೆ ಮಾತಿಗೆ ಕುಂತಿದ್ದಳು.

“ಗೌಡ್ರ, ನಿಮ್ಮ ಗುಡಿ ಮುಂದ ನಳ ಇಲ್ಲೇನ್ರಿ?” ಅಂದಳು. ಹಾರ್ನು ಬೀದಿಗೆಲ್ಲ ಅದನ್ನು ಹೇಳಿತು. “ಇದ್ರ ಹೇಳ್ರಿ ಮತ್ತ. ನಾವೂ ಕಾಲು ತೊಳಕೊಂಡು ಒಳಗ ಬರ್ತೀವಿ.”

ಪಾಲಾಕ್ಷಪ್ಪನವರು ಕೈಯಲ್ಲಿದ್ದ ಖರ್ಜೂರ ಕೆಳಗಿಟ್ಟರು. ಹೊರಗೆ ಮಿರ್ಚಿ ಅಂಗಡಿ, ಆಟೊ ಸ್ಟ್ಯಾಂಡು ಎಲ್ಲ ಕಿವಿಗೊಟ್ಟಿದ್ದವು. ಅವರು ನನ್ನನ್ನು ನೋಡಿದರು, ಮೈಕು ನೋಡಿದರು, ಕೊನೆಗೆ ನಮ್ಮವ್ವನನ್ನು ನೋಡಿದರು.

“ನಳ ಐತಿ, ಮಾರೆಮ್ಮ,” ಅಂದರು. “ಸೋಮವಾರ ಬಾ. ಒಳಗ ಬಾ.”

ಅದನ್ನೂ ಹಾರ್ನು ಹೇಳಿತು.

ಮೈಕು ಆನ್ ಇದೆ ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ, ಈಗ ಕೇಳಿದರೂ ಬರೀ ನಗುತ್ತಾಳೆ. ಅವತ್ತು ಮಾತ್ರ ಖರ್ಜೂರದ ಬೀಜ ಅಂಗೈಗೆ ಉಗುಳಿಕೊಂಡು ಚಮನಸಾಬರ ಕಡೆ ತಿರುಗಿದಳು.

“ಅಣ್ಣಾ, ಉಳಿದ ಶೆಲ್ಲು ವಾಪಸ್ ಕೊಡು. ಸೋಮವಾರ ಬರಿಗೈಲೆ ಹೆಂಗ ಹೋಗ್ಲಿ?”