ಉಪವಾಸದ ಮಧ್ಯಾಹ್ನದ ಸಕ್ಕರೆ

ರಂಜಾನಿನ ಎರಡನೇ ವಾರದಲ್ಲಿ ಸುರಾಯಾಳಿಗೆ ಅಮ್ಮನ ಮೇಲೆ ಅನುಮಾನ ಹುಟ್ಟಿತು.

ಅಮ್ಮ ರೊಗಾಯಾಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಮನೆಯಲ್ಲಿ ಬೆರಳು ಚುಚ್ಚಿ ನೋಡಿದರೆ ಸಾಕು, ಮೀಟರಿನ ಅಂಕಿ ತಾನಾಗಿಯೇ ಆ್ಯಪ್‌ಗೆ ಹೋಗಿ, ಮಲೇಷ್ಯಾದ ಕೋತ ಬಾರು ಊರಿನ ಶಾಲೆಯೊಂದರ ಕಚೇರಿಯಲ್ಲಿ ಕೂತ ಸುರಾಯಾಳ ಫೋನಿನಲ್ಲಿ ಕಾಣುತ್ತಿತ್ತು. ಆ ಮೀಟರಿನ ಅಳತೆಯಲ್ಲಿ ಏಳೆಂಟು ಇದ್ದರೆ ಚಿಂತೆಯಿಲ್ಲ, ನಾಲ್ಕಕ್ಕಿಂತ ಕೆಳಗಿಳಿದರೆ ಹೊತ್ತು ನೋಡದೆ ಉಪವಾಸ ಬಿಡಬೇಕು. ಆ ಷರತ್ತಿನ ಮೇಲೆಯೇ ಡಾಕ್ಟರು ಒಪ್ಪಿಗೆ ಕೊಟ್ಟಿದ್ದರು.

ಅಂಕಿ ಇಳಿಯಲೇ ಇಲ್ಲ. ಮಧ್ಯಾಹ್ನ ಎರಡರ ಸುಮಾರಿಗೆ ಏರುತ್ತಿತ್ತು. ನಸುಕಿನಲ್ಲಿ ಉಂಡವಳಿಗೆ ಆ ಹೊತ್ತಿನಲ್ಲಿ ಏರುವುದೆಂದರೇನು? ಅಮ್ಮ ಕದ್ದು ತಿನ್ನುತ್ತಿದ್ದಾಳೆ, ಅಷ್ಟೇ. ಸುರಾಯಾಳಿಗೆ ಒಳಗೊಳಗೇ ಸಮಾಧಾನವಾಯಿತು. ಎಲ್ಲಾದರೂ ಬಿದ್ದುಹೋಗುವುದಕ್ಕಿಂತ ತಿಂದದ್ದೇ ಮೇಲು. ಮಸೀದಿಯಲ್ಲಿ ಹೆಂಗಸರ ಮೊದಲ ಸಾಲಿನಲ್ಲಿ ನಿಲ್ಲುವ ಅಮ್ಮನನ್ನು ಉಪವಾಸ ಮುರಿದೆಯಾ ಎಂದು ಕೇಳುವುದಾದರೂ ಹೇಗೆ? ಅವಳು ಕೇಳಲಿಲ್ಲ.

ಗುರುವಾರ ಮನೆಗೆ ಹೊರಡುವಾಗ ಫೋನ್ ನೋಡಿಕೊಂಡಳು. ಆಗಷ್ಟೇ ಬಂದ ಅಂಕಿ ಏಳೂವರೆ. ನಿಶ್ಚಿಂತೆಯಿಂದ ಸಂತೆಯಲ್ಲಿ ಇಳಿದು ಸುಟ್ಟ ಮೀನು ಕಟ್ಟಿಸಿಕೊಂಡು ಬಂದರೆ, ಅಮ್ಮ ಅಡುಗೆಮನೆಯ ನೆಲದಲ್ಲಿ ಗೋಡೆಗೊರಗಿ ಕೂತಿದ್ದಳು. ಮುಖವೆಲ್ಲ ಬೆವರು. ಪಕ್ಕದ ಮನೆಯ ಚೀನೀ ಹೆಂಗಸು ಬೀ ಲ್ಯಾನ್ ಗಾಳಿ ಬೀಸುತ್ತಿದ್ದಳು. ಅವಳ ಬೆರಳಿನ ತುದಿಯಲ್ಲಿ ಹತ್ತಿ.

"ಆಂಟಿ, ನಿಮ್ಮ ಬೆರಳಿಗೇನಾಯ್ತು?"

ಬೀ ಲ್ಯಾನ್ ಗೆಳತಿಯ ಮುಖ ನೋಡಿದಳು. "ಇನ್ನು ನನ್ ಕೈಲಾಗಲ್ಲ ಕಣೆ, ಹೇಳ್ಬಿಡ್ತೀನಿ. ಸುರಾಯಾ, ಇಷ್ಟು ದಿನ ಹಗಲಲ್ಲಿ ನೀನು ನೋಡಿದ್ದು ನನ್ನ ಸಕ್ಕರೆ, ಇವತ್ತಿಂದೂ ಅಷ್ಟೇ. ರಕ್ತ ತೆಗೆದ್ರೆ ಉಪವಾಸ ಕೆಡುತ್ತಂತೆ ಇವಳಿಗೆ. 'ನೀನು ಹೇಗೂ ಉಂಡಿರೋಳು, ನಿನ್ನ ಬೆರಳು ಕೊಡು' ಅಂದ್ಳು."

"ನೀನು ಆಫೀಸಲ್ಲಿ ಕೂತು ಗಾಬರಿ ಬೀಳ್ಬಾರ್ದು ಅಂತ," ಎಂದಳು ಅಮ್ಮ. ನಾಲಗೆ ತೊದಲುತ್ತಿತ್ತು.

"ಚುಚ್ಚಿದ್ರೆ ಕೆಡಲ್ಲಮ್ಮಾ. ಕ್ಲಿನಿಕ್ಕಿಗೆ ಬಂದಿದ್ದ ಮಸೀದಿಯ ಉಸ್ತಾದರೇ ಹೇಳಿದ್ರಲ್ಲ?"

"ಅದಿನ್ನೂ ಮೀಸೆ ಚಿಗುರದ ಹುಡುಗ. ಅವನಿಗೇನು ಗೊತ್ತು?"

ಸುರಾಯಾ ವಾದಕ್ಕೆ ನಿಲ್ಲದೆ ಅಮ್ಮನ ಕೈ ಹಿಡಿದು ಚುಚ್ಚಿದಳು. ಮೀಟರಿನಲ್ಲಿ ಮೂರು ಎಂದು ಬಂತು. ಲೋಟದಲ್ಲಿ ಸಕ್ಕರೆ ಕದಡಿ ಬಾಯಿಗೆ ಹಿಡಿದಳು. ಅಮ್ಮ ತುಟಿ ಬಿಗಿದಳು.

"ಇನ್ನೇನು, ಬಾಂಗಿಗೆ ಸ್ವಲ್ಪ ಹೊತ್ತು..."

"ಸ್ವಲ್ಪ ಹೊತ್ತಲ್ಲ, ಇನ್ನೂ ಒಂದು ಗಂಟೆ. ಅಷ್ಟರಲ್ಲಿ ನಿಂಗೆ ಪ್ರಜ್ಞೆ ತಪ್ಪುತ್ತೆ."

"ಕುಡಿಯೇ ಮಾರಾಯ್ತಿ," ಬೀ ಲ್ಯಾನ್ ಗದರಿದಳು. "ನೀನೇ ಹೋದ್ರೆ ನನ್ನ ಬೆರಳು ಯಾರಿಗೆ ಬೇಕು?"

ಅಮ್ಮನಿಗೆ ನಗು ಬಂತೋ ಅಳು ಬಂತೋ, ತುಟಿ ಸಡಿಲವಾಯಿತು. ಕಣ್ಣು ಮುಚ್ಚಿಕೊಂಡು, ಮದ್ದು ನುಂಗುವವಳಂತೆ ಅಷ್ಟನ್ನೂ ಕುಡಿದಳು. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದಾಗ ಐದು.

ಬಾಂಗು ಕೇಳಿಸಿತು. ಸುರಾಯಾ ಖರ್ಜೂರದ ತಟ್ಟೆ ಮುಂದಿಟ್ಟಳು. ಅಮ್ಮ ಅದನ್ನು ಮಗಳ ಕಡೆಗೇ ಸರಿಸಿದಳು.

"ನೀನು ಉಪವಾಸ ಬಿಡು. ನಂದು ಆಯ್ತಲ್ಲ, ಈ ದಿನ ಸಾಲಕ್ಕೆ ಬಿತ್ತು. ಹಬ್ಬ ಆದ್ಮೇಲೆ ಒಂದು ದಿನ ಉಪವಾಸ ಇದ್ದು ತೀರಿಸ್ತೀನಿ."

"ಆಗ ಚುಚ್ಚಿಸಿಕೊಳ್ತೀಯಾ?"

ಅಮ್ಮ ಚುಚ್ಚಿದ ಬೆರಳನ್ನೊಮ್ಮೆ ನೋಡಿಕೊಂಡಳು. ಆ ಹುಡುಗ ಉಸ್ತಾದನಿಗೆ ಫೋನ್ ಹಚ್ಚು, ನಾನೇ ಕೇಳುತ್ತೇನೆ ಎಂದಳು.